ಅವ್ವನ ಪುಟ್ಟಿ

"ಹನ್ನೊಂದು ಪುಟ ಬರದೀದಿ ತಂಗಿ. ನೇಪಾಳದಾಗಿನ ಅಂಗಡಿ ಯಾಕ ಮುಚ್ಚಿದ್ವು ಅನ್ನೂದು ಒಂದರಾಗೂ ಇಲ್ಲ," ಎಂದು ಮಾಲೀಕ ಕುಬೇರಪ್ಪ ವರದಿಯನ್ನು ಮೇಜಿನ ಮೇಲೆ ಹಾಕಿದರು.

ಆ ಅಂಗಡಿಗಳ ಯೋಜನೆ ನೋಡಿಕೊಂಡಿದ್ದ ಅನುಸೂಯಾ ತಲೆ ಎತ್ತಲಿಲ್ಲ. ಸುಂಕ, ಲಾರಿ ಬಾಡಿಗೆ, ಗಡಿ ದಾಟಿ ಭಾರತದಿಂದ ಅಗ್ಗದ ಸಾಮಾನು ಒಯ್ಯುವ ಜನ, ಎಲ್ಲವನ್ನೂ ಬರೆದಿದ್ದಳು. ಎಲ್ಲವೂ ನಿಜವೇ. ಕಾರಣ ಮಾತ್ರ ಅದಾಗಿರಲಿಲ್ಲ.

ಗಂಗಾವತಿಯಿಂದ ಯಲಬುರ್ಗಾದವರೆಗೆ 'ಅವ್ವನ ಪುಟ್ಟಿ'ಯ ಹದಿನಾಲ್ಕು ದಿನಸಿ ಅಂಗಡಿಗಳಿದ್ದವು. ಕುಬೇರಪ್ಪನವರ ತಾಯಿ ದುರುಗವ್ವ ತಲೆಯ ಮೇಲೆ ಬಿದಿರಿನ ಪುಟ್ಟಿ ಹೊತ್ತು ಓಣಿ ಓಣಿ ಬದನೆಕಾಯಿ ಮಾರಿದವಳು. ಆ ಹೆಸರಿಗೇ ಜನ ಬರುತ್ತಿದ್ದರು. ನೇಪಾಳದಲ್ಲಿ ಮೂರು ಅಂಗಡಿ ತೆರೆಯುವಾಗ 'ಅವ್ವ' ಅಲ್ಲಿ ಯಾರಿಗೂ ತಿಳಿಯದೆಂದು ಬಿಟ್ಟರು. ಸಂಖ್ಯಾಜ್ಯೋತಿಷ್ಯದವರು ಹೇಳಿದರೆಂದು 'ಪುಟ್ಟಿ'ಯ ಇಂಗ್ಲಿಷ್ ಕಾಗುಣಿತದ ಎರಡು 'ಟಿ'ಗಳಲ್ಲಿ ಒಂದನ್ನೂ ಕಳೆದು ಆಳೆತ್ತರದ ಬೋರ್ಡು ಬರೆಸಿದರು. ಅಲ್ಲಿಯವರು ಅದನ್ನು 'ಪುತಿ' ಎಂದು ಓದಿದರು.

ಉದ್ಘಾಟನೆಗೆ ಹತ್ತು ದಿನ ಮುಂಚೆ, ಅಲ್ಲಿ ಕೆಲಸಕ್ಕೆ ಸೇರಿದ್ದ ಸೃಜನಾ ಎಂಬ ಹುಡುಗಿ ಅನುಸೂಯಾಳನ್ನು ಗೋಡೌನಿನ ಮೂಲೆಗೆ ಕರೆದು ಆ ಪದದ ಅರ್ಥ ಹೇಳಿದ್ದಳು. ಹೆಣ್ಣಿನ ಮೈಯ ಮುಚ್ಚಿಟ್ಟ ಭಾಗಕ್ಕೆ ಅಲ್ಲಿನ ಹೊಲಸು ಹೆಸರು. ಹೇಳಿ ಮುಗಿಸುವಷ್ಟರಲ್ಲಿ ಹುಡುಗಿಯ ಕಿವಿ ಕೆಂಪಾಗಿತ್ತು. ಅನುಸೂಯಾ ಊರಿಗೆ ಮರಳಿ, ಏಳು ಗಂಡಸರ ಮೀಟಿಂಗಿನಲ್ಲಿ ಕುಳಿತು, "ಎಲ್ಲಾ ಸರಿ ಐತ್ರಿ" ಎಂದಿದ್ದಳು. ಎಂ.ಬಿ.ಎ.ಯಲ್ಲಿ ಚಿನ್ನದ ಪದಕ ತಂದವಳು.

ಆ ಹೆಸರಿನ ಚೀಲ ಹಿಡಿದು ಮನೆಗೆ ಹೋಗಲು ಹೆಂಗಸರು ಒಪ್ಪಲಿಲ್ಲ. ಪಡ್ಡೆ ಹುಡುಗರು ಮಾತ್ರ ಬೋರ್ಡಿನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡರು.

ಈಗ ಅದೇ ಮೀಟಿಂಗು ಮತ್ತೆ ಸೇರಿತ್ತು; ನೇಪಾಳದ ಅಂಗಡಿಗಳ ಮ್ಯಾನೇಜರ್ ವಿರುಪಾಕ್ಷಿ ಮೇಜಿನ ಆಚೆ ಕೈಕಟ್ಟಿ ನಿಂತಿದ್ದ. ಗಿಣಿಗೇರಾದವನು, ಫ್ಯಾಕ್ಟರಿಯ ಕಾಯಂ ಕೆಲಸ ಬಿಟ್ಟು ಬಂದವನು.

"ಹಂಗಾರ ತಪ್ಪು ಇವಂದ," ಎಂದರು ಕುಬೇರಪ್ಪ. "ಮಂದಿ ಕೂಡ ಮಾತಾಡಾಕ ಬರದಂವ. ಚಾ ಕುಡುದು ಬರ್ರಿ, ಆಮ್ಯಾಲ ಇವನ್ನ ಮನಿಗೆ ಕಳಸೂಣು."

"ಆತ್ರಿ," ಎಂದ ವಿರುಪಾಕ್ಷಿ.

ಆಫೀಸಿನ ಕೆಳಗೇ ಕುಬೇರಪ್ಪನವರ ಮನೆ. ಅನುಸೂಯಾ ಇಳಿದು ಬಂದಾಗ ಕಟ್ಟೆಯ ಮೇಲೆ ದುರುಗವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಯಾಕವಾ, ಮಾರಿ ಸಪ್ಪಗ ಮಾಡೀದಿ? ನನ್ನ ಮಗ ಬೈದ್ನೇನು?"

ಅನುಸೂಯಾ ಪಕ್ಕದಲ್ಲಿ ಕುಕ್ಕರಿಸಿ ಮುದುಕಿಯ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ದುರುಗವ್ವನ ಕೈ ನಿಂತಿತು. ಆಮೇಲೆ ಬೊಚ್ಚುಬಾಯಿ ತೆರೆದು ನಕ್ಕಳು.

"ಶಿವನೇ! ನಮ್ಮ ಓಣ್ಯಾಗ ನಳದ ಮುಂದ ದಿನಾ ಹರದಾಡ್ತಾವ ಅಂಥಾ ಮಾತು. ಅದನ್ನ ಹೇಳಾಕ ಇಷ್ಟು ದಿನಾ ಬೇಕಾತೇನ ನಿನಗ?"

"ನಾಚಿಕಿ ಬಂತ್ರಿ ಆಯಿ. ಎಲ್ಲಾ ಗಂಡಸರು..."

ಮುದುಕಿಯ ನಗು ಇಳಿಯಿತು. "ಅಲ್ಲಿ ಕೆಲಸದ ಹುಡುಗ್ಯಾರು ಏನು ಹಾಕ್ಕೊಂತಿದ್ರು?"

"ಹಸರ ಅಂಗಿರಿ. ಎದಿ ಮ್ಯಾಲ ಅಂಗಡಿ ಹೆಸರು ಬರದದ್ದು."

"ಎಷ್ಟು ದಿನಾ?"

"ಏಳು ತಿಂಗಳು."

ದುರುಗವ್ವ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು.

ಅನುಸೂಯಾ ಮೆಟ್ಟಿಲು ಹತ್ತಿದಳು. ಕುಳಿತುಕೊಳ್ಳದೆ, ಎಲ್ಲರೆದುರು ಹೇಳಿದಳು: ಪದ, ಅದರ ಅರ್ಥ, ತನಗೆ ತಿಳಿದ ದಿನ. ಯಾರೋ ಕೆಮ್ಮಿದರು.

"ನಿನಗೂ ಗೊತ್ತಿತ್ತೇನೋ?" ಕುಬೇರಪ್ಪ ವಿರುಪಾಕ್ಷಿಯತ್ತ ತಿರುಗಿದರು.

"ಹೂನ್ರಿ. ಅವ್ವಾರ ಪುಟ್ಟಿ ಅದು... ನಿಮ್ಮ ಮುಂದ ಹೆಂಗ ಹೇಳ್ಲಿರಿ?"

ಕುಬೇರಪ್ಪ ವರದಿಯನ್ನು ಮಡಚಿ ಅನುಸೂಯಾಳ ಮುಂದಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕುಂದ್ರು," ಎಂದರು ವಿರುಪಾಕ್ಷಿಗೆ. ಎದ್ದು ಕೆಳಗಿಳಿದರು. ರಾಜೀನಾಮೆ ಬರೆದುಕೊಡಲೇ ಎಂದು ಕೇಳಲು ಅವಳೂ ಹಿಂದೆಯೇ ಇಳಿದಳು.

"ಏನಂತಪಾ? ಯಾಕ ಮುಚ್ಚಿದ್ವಂತ ಅಂಗಡಿ?" ದುರುಗವ್ವ ಮಗನನ್ನು ಕೇಳಿದಳು.

ಐವತ್ತೈದು ದಾಟಿದ ಗಂಡಸು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಕಣ್ಣೆದುರೇ ಇದ್ದ ಇನ್ನೊಂದನ್ನು ಹುಡುಕುತ್ತ ನಿಂತರು.

"ಏನಿಲ್ಲವಾ. ಅಲ್ಲಿ ಮಂದಿಗೆ ನಮ್ಮ ಅಕ್ಕಿ ಸೇರಲಿಲ್ಲಂತ."

ಮುದುಕಿ ಮಗನ ಹೆಗಲಾಚೆ ಅನುಸೂಯಾಳ ಕಡೆ ಒಮ್ಮೆ ನೋಡಿದಳು. "ಹೌದೇನಪಾ," ಎಂದು, ಮೊರವನ್ನು ಬೆಳಕಿಗೆ ತಿರುಗಿಸಿಕೊಂಡು ಬಾಗಿದಳು.