ಅಕ್ಕಿ ಡಬ್ಬದೊಳಗಿನ ಬಿಳಿ ಕಾರ್ಡು

ತ್ಯಾಗರಾಜನಿಗೆ ಅನುಮಾನ ಅನ್ನೋದು ಹಸಿವು, ನಿದ್ದೆಯಷ್ಟೇ ಸಹಜ. ಹಾಲಿನ ಕ್ಯಾನಿನ ಮೇಲಿನ ತಾರೀಖನ್ನೂ ನಂಬದೆ ಮೂಸಿ ನೋಡುವ ಆಸಾಮಿ. ಅಂಥವನ ಜೊತೆ ಆರು ವರ್ಷ ಸಂಸಾರ ಮಾಡಿ ಮೈಥಿಲಿಗೂ ಆ ಗುಣ ಅಂಟಿಕೊಂಡಿತ್ತು. ಅಮೆರಿಕದ ವರ್ಜೀನಿಯಾದಲ್ಲಿ, ಹರ್ನ್‌ಡನ್ನಿನ ಅವರ ಅಪಾರ್ಟ್‌ಮೆಂಟಿನ ಬಾಗಿಲು ಯಾರಾದರೂ ತಟ್ಟಿದರೆ, ಅವಳೂ ಈಗ ಕಿಂಡಿಗೆ ಕಣ್ಣಿಟ್ಟು ಎರಡು ನಿಮಿಷ ನೋಡಿಯೇ ಚಿಲಕ ತೆಗೆಯುತ್ತಿದ್ದಳು.

ತೊಂಬತ್ತೇಳರ ಮೇ ತಿಂಗಳ ಕೊನೆಯ ಭಾನುವಾರ, ಸೋಮವಾರವೂ ರಜೆಯಿದ್ದ ಲಾಂಗ್ ವೀಕೆಂಡು. ಬೆಳಿಗ್ಗೆ ಏಳಕ್ಕೇ ಫೋನು. ಟೊರಾಂಟೋದಲ್ಲಿ ಅಕ್ಕ ರೇಣುಕಾದೇವಿಯ ಮಗುವಿನ ನಾಮಕರಣಕ್ಕೆ ಒಬ್ಬನೇ ಡ್ರೈವ್ ಮಾಡಿಕೊಂಡು ಹೋಗಿದ್ದ ಗಂಡ, ನಯಾಗರದ ಹತ್ತಿರ ಕೆನಡಾ ಕಡೆಯ ಫೋನ್ ಬೂತಿನಿಂದ ಮಾತಾಡುತ್ತಿದ್ದ.

"ಸೇತುವೆ ದಾಟಿದ ಮೇಲೆ ವಾಪಸ್ ಕಳಿಸಿಬಿಟ್ರು ಕಣೇ! ಜೆರಾಕ್ಸ್ ನಡೆಯಲ್ವಂತೆ. ಒರಿಜಿನಲ್ಲೇ ಬೇಕಂತೆ."

"ಅಯ್ಯೋ ದೇವರೇ! ಹೋಗೋ ದಿನವೇ ಬಾಯಿ ಬಡ್ಕೊಂಡೆನಲ್ರೀ!"

ನಿಯಮವೇನೂ ಕಷ್ಟದ್ದಲ್ಲ. ಪಾಸ್‌ಪೋರ್ಟಿನ ಅಮೆರಿಕ ವೀಸಾ ಮುಗಿದಿದ್ದರೂ ಕೆನಡಾಕ್ಕೆ ಹೋಗಿ ಮೂವತ್ತು ದಿನದೊಳಗೆ ಹೊಸ ವೀಸಾ ಇಲ್ಲದೆ ಹಿಂದಿರುಗಬಹುದು. ಒಂದೇ ಸಲವಲ್ಲ, ಎಷ್ಟು ಸಲವಾದರೂ. ಆದರೆ ಅಮೆರಿಕದಲ್ಲಿ ಎಲ್ಲಿಯತನಕ ಇರಬಹುದು ಅಂತ ತಾರೀಖು ಹಾಕಿಕೊಟ್ಟ ಬಿಳಿ ಕಾರ್ಡು ಕೈಯಲ್ಲಿರಬೇಕು. ಇದನ್ನೆಲ್ಲ ಹೇಳಿಕೊಟ್ಟವನು ಆಫೀಸಿನ ಗುರುದತ್. ಗ್ರೀನ್ ಕಾರ್ಡ್ ಸಿಗುವ ಮುಂಚೆ ಅವನು ಮೂರು ಸಲ ಹೀಗೇ ಹೋಗಿಬಂದಿದ್ದ. "ಒರಿಜಿನಲ್ ತಗೊಂಡು ಹೋಗಿ, ಅಲ್ಲಿ ಯಾರು ಕೇಳಿದ್ರೂ ಕೊಟ್ಟುಬಿಡಬೇಡಿ" ಅಂತ ಒತ್ತಿ ಒತ್ತಿ ಹೇಳಿದ್ದ.

ಅಷ್ಟು ಒತ್ತಿ ಹೇಳಿದ್ದೇ ತಪ್ಪಾಯಿತು. ಮುಂದಿನ ತಿಂಗಳು ಪ್ರಾಜೆಕ್ಟಿನಲ್ಲಿ ಇವರಿಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ ಅಂತ ಸುದ್ದಿಯಿತ್ತು. "ನನ್ನ ಕಾರ್ಡಿನ ಉಸಾಬರಿ ಇವನಿಗ್ಯಾಕೆ? ಬಾರ್ಡರಲ್ಲಿ ಕಿತ್ಕೊಳ್ಳಲಿ ಅಂತ ತಾನೆ?" ಅಂದ ತ್ಯಾಗರಾಜ. ಅಟ್ಲಾಂಟಾದಲ್ಲಿ ಬೇರೆ ಕೆಲಸ ಸಿಕ್ಕಿದೆ, ಹೊರಡ್ತೀನಿ ಅಂತ ಗುರುದತ್ ಹೇಳಿದ್ದು ಕೂಡ ನಾಟಕವಂತೆ, ಮೈಮರೆಸೋ ನಾಟಕ. ಮೈಸೂರಲ್ಲಿ ಯಾವ ಕಚೇರಿಗೂ ಒರಿಜಿನಲ್ ತೋರಿಸದೆ, ಜೆರಾಕ್ಸಿಗೆ ಗೆಜೆಟೆಡ್ ಆಫೀಸರ ಸಹಿ ಹಾಕಿಸಿಯೇ ಬಾಳಿದ ಮನುಷ್ಯ ಅವನು. ಇಲ್ಲೂ ಬ್ಯಾಂಕಿಗೆ ಹೋಗಿ ನೋಟರಿಯಿಂದ ಎರಡು ಮೊಹರು ಒತ್ತಿಸಿಕೊಂಡ. ಒರಿಜಿನಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಕ್ಕಿ ಡಬ್ಬದ ತಳಕ್ಕೆ ತಳ್ಳಿ, ಜೆರಾಕ್ಸ್ ಜೇಬಿಗಿಟ್ಟು ಹೊರಟೇಬಿಟ್ಟಿದ್ದ.

ಈಗ ಮಂಗಳವಾರ ಬೆಳಿಗ್ಗೆ ಅವನು ಆಫೀಸಿನಲ್ಲಿರದಿದ್ದರೆ ಕೆಲಸ ಹೋಯಿತು. ಕೆಲಸ ಹೋದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕು. ಕೊರಿಯರ್ ಆಫೀಸು ಮಂಗಳವಾರದವರೆಗೆ ಬಾಗಿಲು ಹಾಕಿದೆ.

"ಹೇಗಾದ್ರೂ ಕಳಿಸು. ಆ ಗುರುದತ್‌ಗೆ ಮಾತ್ರ ಹೇಳಬೇಡ!"

"ಸಂಜೆ ನಾಲ್ಕರಿಂದ ಆ ಬೂತಿನ ಹತ್ತಿರವೇ ನಿಂತಿರಿ" ಅಂತ ಮೈಥಿಲಿ ಫೋನಿಟ್ಟಳು.

ಹೇಳಬೇಡವಂತೆ! ಮತ್ಯಾರಿಗೆ ಹೇಳಬೇಕು? ಅವಳಿಗೆ ಡ್ರೈವಿಂಗ್ ಬರದು, ಅವಳ ಪಾಸ್‌ಪೋರ್ಟು ರಿನ್ಯೂವಲ್‌ಗೆ ಹೋಗಿದೆ. ಪಕ್ಕದ ಮನೆಯ ಕೃಷ್ಣಪ್ರಸಾದನಿಗೆ ಕಾರಿದೆ, ಆದರೆ ಕೆನಡಾ ವೀಸಾ ಇಲ್ಲ. ವೀಸಾ ಇಲ್ಲದೆಯೇ ಸೇತುವೆ ದಾಟಿ ವಾಪಸ್ ಬರಬಲ್ಲ ಗ್ರೀನ್ ಕಾರ್ಡಿನವನು ಗುರುದತ್ ಒಬ್ಬನೇ. ಅಕ್ಕಿಯೊಳಗೆ ಮೊಣಕೈತನಕ ಕೈ ಹಾಕಿ ಕಾರ್ಡು ತೆಗೆದಳು. ಅವನ ನಂಬರು ತಿರುಗಿಸಿದಳು.

ಇಪ್ಪತ್ತೇ ನಿಮಿಷಕ್ಕೆ ಬಂದ. "ಕಾರ್ಡು ಕೊಡಿ ಮೈಥಿಲಿಯವರೇ, ನಾನೇ ಹೋಗಿ ಬರ್ತೀನಿ. ಎಂಟು ಗಂಟೆ ದಾರಿ, ನೀವ್ಯಾಕೆ ಸುಮ್ಮನೆ ಒದ್ದಾಡ್ತೀರಾ?"

ಇಷ್ಟು ಅವಸರ ಯಾಕಪ್ಪಾ ಅನ್ನಿಸಿತು ಅವಳಿಗೆ. "ಇಲ್ಲ, ನಾನೂ ಬರ್ತೀನಿ" ಅಂತ ಹಿಂದಿನ ಸೀಟಿನಲ್ಲಿ ಕೂತು ಬ್ಯಾಗನ್ನು ಎದೆಗವಚಿಕೊಂಡಳು.

ದಾರಿಯುದ್ದಕ್ಕೂ ಅವನ ಕತ್ತಿನ ಮೇಲೇ ಅವಳ ಕಣ್ಣು. ಪೆನ್ಸಿಲ್ವೇನಿಯಾದಲ್ಲಿ ಕಾರಿಗೆ ಪೆಟ್ರೋಲ್ ಹಾಕಿಸಲು ನಿಂತಾಗ ಅವನು ಬೂತಿಗೆ ಹೋಗಿ ಯಾರ ಜೊತೆಗೋ ನಗುನಗುತ್ತಾ ಮಾತಾಡಿದ. ಮ್ಯಾನೇಜರಿಗೇ ಇರಬೇಕು! ಹಕ್ಕಿ ಬಲೆಗೆ ಬಿತ್ತು ಅಂತ ಹೇಳ್ತಿದ್ದಾನೇನೋ. ವಾಪಸ್ ಬಂದವನೇ, "ಕಾರ್ಡಿನ ಮೇಲೆ ಯಾವ ತಾರೀಖಿದೆ?" ಅಂದ.

"ನೋಡಿಲ್ಲ" ಅಂದಳು. ನೋಡಿದ್ದಳು, ಬಾಯಿಪಾಠವಾಗಿತ್ತು.

"ಒಂದ್ಸಲ ನೋಡಿಬಿಡಿ. ತಾರೀಖು ಮುಗಿದಿದ್ರೆ ಕಾರ್ಡಿದ್ದೂ ಪ್ರಯೋಜನ ಇಲ್ಲ."

ನಯಾಗರ ಮುಟ್ಟಿದಾಗ ನಾಲ್ಕೂವರೆ. ಸೇತುವೆಯ ಈಚೆ ಕಾರು ನಿಲ್ಲಿಸಿ ಗುರುದತ್ ಕೈ ಚಾಚಿದ. ಇನ್ನು ಮುಂದೆ ಅವಳು ಹೋಗುವ ಹಾಗಿಲ್ಲ. ಕಾರ್ಡು ಬಿಡಲು ಬೆರಳುಗಳು ಒಪ್ಪಲಿಲ್ಲ. ಅವನು ಎಳೆಯಲಿಲ್ಲ, ಅವಳೇ ಬಿಡುವತನಕ ಕಾದ. ಆಮೇಲೆ ಕಾರಿನ ಕೀ ಅವಳ ಕೈಗಿಟ್ಟು, ನಡೆದುಕೊಂಡೇ ಸೇತುವೆ ಹತ್ತಿದ.

ಒಂದು ಗಂಟೆ ಕಳೆಯಿತು. ಒಂದೂವರೆ ಗಂಟೆಯೂ ಕಳೆಯಿತು. ಕೈಯಾರೆ ಸಂಸಾರ ಹಾಳು ಮಾಡಿಕೊಂಡೆನಲ್ಲ, ಕಾರ್ಡನ್ನು ನೀರಿಗೆ ಎಸೆದು ಕಳೆದುಹೋಯಿತು ಅಂದರೆ ಕೇಳೋರು ಯಾರು? ಮುಂದಿನ ಸೀಟಿನ ಮೇಲೆ ಒಂದು ಫೈಲು ಬಿದ್ದಿತ್ತು. ಬೇರೆಯವರದ್ದು ನೋಡಬಾರದು ಅಂತ ಗೊತ್ತು, ಆದರೂ ತೆರೆದಳು. ಅಟ್ಲಾಂಟಾದ ಅಪಾರ್ಟ್‌ಮೆಂಟಿನ ಬಾಡಿಗೆ ಕರಾರು. ಜೂನ್ ಒಂದರಿಂದ. ಗುರುದತ್ ಸಹಿ ಹಾಕಿ ಆಗಲೇ ಮೂರು ವಾರವಾಗಿತ್ತು. ಹೆಂಡತಿ ಇಂದುವಿನ ಸಹಿಯೂ ಇತ್ತು.

ಇವನಿಗೆ ಗಂಡನ ಕೆಲಸ ಬೇಕಾಗಿಯೇ ಇರಲಿಲ್ಲ. ಮನೆ ಖಾಲಿ ಮಾಡುವ ವಾರದಲ್ಲಿ, ಇರುವ ಒಂದು ರಜೆಯನ್ನು ಇವರಿಗಾಗಿ ಸುರಿದಿದ್ದ. ಬೂತಿನಲ್ಲಿ ನಗುತ್ತಿದ್ದದ್ದು ಆ ಇಂದುವಿನ ಜೊತೆಗೇ ಇರಬೇಕು. ಮೈಥಿಲಿಗೆ ನಾಚಿಕೆಯಿಂದ ಮುಖ ಕಾದುಹೋಯಿತು. ಫೈಲನ್ನು ಇದ್ದ ಹಾಗೇ ಇಟ್ಟಳು.

ಆರೂವರೆಗೆ ತ್ಯಾಗರಾಜನ ಕಾರು ಈಚೆ ಬಂತು. ಪಕ್ಕದಲ್ಲಿ ಗುರುದತ್ ಕೂತಿದ್ದ. ಮೈಥಿಲಿ ಓಡಿದಳು, ಕಣ್ಣು ತುಂಬಿತ್ತು. ಗಂಡ ಇಳಿದವನೇ ಅವಳ ರಟ್ಟೆ ಹಿಡಿದು ದೂರ ಎಳೆದ.

"ಅವನ ಕೈಗೆ ಕೊಡೋ ಮುಂಚೆ ಒಂದು ಜೆರಾಕ್ಸ್ ಇಟ್ಕೊಂಡ್ಯಾ?"

"ರೀ, ಮೊದಲು ಹೋಗಿ ಅವರಿಗೊಂದು ಥ್ಯಾಂಕ್ಸ್ ಹೇಳಿ."

"ಹೇಳೋಣ ಇರು. ಸುಮ್‌ಸುಮ್ನೆ ಯಾರಾದ್ರೂ ಇಷ್ಟು ದೂರ ಬರ್ತಾರಾ? ಏನು ಲೆಕ್ಕಾಚಾರ ಅಂತ ಗೊತ್ತಾಗಲಿ."

ಮೈಥಿಲಿ ಅವನನ್ನೇ ನೋಡಿದಳು. ಬೆಳಿಗ್ಗೆಯಿಂದ ಹಿಂದಿನ ಸೀಟಿನಲ್ಲಿ ಕೂತು ತಾನೂ ಇದೇ ಮಾತನ್ನು ಮನಸ್ಸಿನಲ್ಲಿ ಆಡಿಕೊಂಡಿದ್ದಳು. ರಟ್ಟೆ ಬಿಡಿಸಿಕೊಂಡು ಗುರುದತ್‌ನ ಕಾರಿಗೆ ನಡೆದಳು. ಈ ಸಲ ಮುಂದಿನ ಬಾಗಿಲು ತೆಗೆದು, ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಬೆಲ್ಟು ಹಾಕಿಕೊಂಡಳು.

"ನಾನು ಇವರ ಜೊತೆ ಬರ್ತೀನಿ. ನೀವು ಹಿಂದೆ ಬನ್ನಿ" ಅಂದಳು. "ಎಂಟು ಗಂಟೆ ದಾರಿ ಇದೆ, ನಿಧಾನವಾಗಿ ಅನುಮಾನ ಪಡ್ಕೊಂಡು ಬನ್ನಿ."