ಹಿಂದೆ ಬಿಚ್ಚಿದವನು

"ಇದನ್ನ ಹಿಂದೆ ಯಾವನೋ ಬಿಚ್ಚಿದಾನೆ ಕಣೇ," ಎಂದರು ಬಂದೂಕು ರಿಪೇರಿಯ ಮೇಸ್ತ್ರಿ, ಕನ್ನಡಕವನ್ನು ಹಣೆಗೇರಿಸಿ. "ಕೆಲಸ ಬರದವನು ಕೈಯಾಡಿಸಿದಾನೆ."

ಹೆಂಡತಿ ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಮೇಜಿನ ಮೇಲೆ ಹಾಸಿದ ಎಣ್ಣೆ ಬಟ್ಟೆಯಲ್ಲಿ ಆ ರೈಫಲ್ಲು ಮತ್ತೆ ಬಿಡಿಬಿಡಿಯಾಗಿ ಬಿದ್ದಿತ್ತು. ಶೂಟಿಂಗ್ ಕ್ಲಬ್ಬಿನ ಕೋಚ್ ಯಾರಿಂದಲೋ ಕೊಂಡ ಹಳೆಯ ರೈಫಲ್ಲು ಅದು. ಒಂದು ಗುಂಡು ಹಾರಿದರೆ ಮುಂದಿನದನ್ನು ತಾನಾಗಿಯೇ ಒಳಗೆಳೆದುಕೊಳ್ಳಬೇಕು. ಎಳೆದುಕೊಳ್ಳದೆ ನಡುದಾರಿಯಲ್ಲಿ ಕಚ್ಚಿಕೊಂಡು ನಿಲ್ಲುತ್ತಿತ್ತು. ಜಿಡ್ಡು ಕಟ್ಟಿದೆ ಎಂದು ಮೊದಲ ಸಲ ಮೇಸ್ತ್ರಿ ಒಳಗೆಲ್ಲ ತೊಳೆದುಕೊಟ್ಟರು. ಎರಡನೇ ಸಲ ವಾಪಸು ಬಂದಾಗ ಗುಂಡಿನ ಕಂಪನಿಯವರನ್ನು ಬೈದು ಬೇರೆ ಗುಂಡು ಹಾಕಿಸಿದರು. ಆಮೇಲೂ ಬಂತು, ಬರುತ್ತಲೇ ಇತ್ತು.

ಕಾರಣ ಅವಳಿಗೆ ಗೊತ್ತಾಗಿ ಎಷ್ಟೋ ದಿನವಾಗಿತ್ತು. ಮ್ಯಾಗಜಿನ್ನಿನೊಳಗೆ ಗುಂಡುಗಳನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗನ್ನು, ತೊಳೆದು ಜೋಡಿಸುವಾಗ ಮೇಸ್ತ್ರಿಯೇ ಉಲ್ಟಾ ಕೂರಿಸುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವಾರ ಯಾರಾದರೂ ಮಾಡುವ ತಪ್ಪು. ಮದುವೆಯಾದಾಗಿನಿಂದ ಪಕ್ಕದಲ್ಲಿ ಕೂತು ಸಾಮಾನು ಎತ್ತಿಕೊಟ್ಟವಳು. ಅದು ಯಾವ ಮುಖ ಮಾಡಿ ಕೂರಬೇಕೆಂದು ಅವಳಿಗೂ ಗೊತ್ತು. ಮಧ್ಯಾಹ್ನ ಅವರು ಅಡ್ಡಾದಾಗ ತಿರುಗಿಸಿ ಹಾಕಿಡುತ್ತಿದ್ದಳು. ಎದ್ದವರು ರೈಫಲ್ಲನ್ನು ಅದೇ ಮೊದಲು ಕಂಡವರಂತೆ ನೋಡಿ, "ಇದು ಯಾರದೇ?" ಎಂದು ಕೇಳಿ, ತೋಳು ಮಡಚಿ ಬಿಚ್ಚಲು ಕೂರುತ್ತಿದ್ದರು.

ಬೆಳಗ್ಗೆ ರೈಫಲ್ಲನ್ನು ಮತ್ತೆ ವಾಪಸು ತಂದ ಕೋಚ್ ಅವಳನ್ನು ಹಿತ್ತಿಲ ಬಾಗಿಲಿಗೆ ಕರೆದಿದ್ದ. "ಅಮ್ಮಾ, ಪ್ರತಿ ಸಲ ಸ್ಪ್ರಿಂಗ್ ಉಲ್ಟಾ ಇರುತ್ತೆ," ಎಂದ.

"ಕಣ್ಣು ಸ್ವಲ್ಪ ಮಂಜು ಅವರಿಗೆ. ಕನ್ನಡಕ ಬದಲಾಯಿಸಬೇಕು."

"ಕಣ್ಣಲ್ಲಮ್ಮ. ನಿಮಗೂ ಗೊತ್ತು." ಅವನು ನೆಲ ನೋಡುತ್ತಿದ್ದ. "ಇವತ್ತೇನೋ ಗುಂಡು ಸಿಕ್ಕಿಕೊಳ್ತು, ಸರಿ. ನಾಳೆ ಇನ್ನೇನಾದ್ರೂ ತಪ್ಪು ಜೋಡಿಸಿ ಯಾರದಾದ್ರೂ ಕಣ್ಣು ಹೋದ್ರೆ? ಸಂಜೆ ಬಂದು ರೈಫಲ್ ತಗೊಂಡು ಹೋಗ್ತೀನಿ. ಅಷ್ಟರಲ್ಲಿ ಅಂಗಡಿ ಸಾಕು ಅಂತ ನೀವೇ ಹೇಳಿಬಿಡಿ. ಅವರ ಹತ್ರ ಕೆಲಸ ಕಲಿತವನು ನಾನು. ನನ್ನ ಬಾಯಲ್ಲಿ ಹೇಳಿಸಬೇಡಿ."

ಸಂಜೆ ಆಗೇಬಿಟ್ಟಿತ್ತು. ಅಡುಗೆಮನೆಯಲ್ಲಿ ಹತ್ತು ಸಲ ಮಾತು ಜೋಡಿಸಿಕೊಂಡು ಬಂದಿದ್ದಳು. ಅವರ ಮುಖ ಕಂಡೊಡನೆ ಅದೆಲ್ಲ ಎಲ್ಲಿ ಹೋಯಿತೋ. ಈ ಮನುಷ್ಯನಿಗೆ ಕೆಲಸ ಬಿಟ್ಟರೆ ಬೇರೆ ಲೋಕವಿಲ್ಲ. ಅದನ್ನೂ ಕಿತ್ತುಕೊಂಡ ಮೇಲೆ ತನ್ನೆದುರು ಕೂರುವವರು ಯಾರು ಎಂದು ಅವಳಿಗೆ ಭಯವಾಯಿತು.

"ಸಿಕ್ತು ನೋಡು," ಎಂದು ಮೇಸ್ತ್ರಿ ನಕ್ಕರು. ಸ್ಪ್ರಿಂಗನ್ನು ದೀಪಕ್ಕೆ ಹಿಡಿದಿದ್ದರು. "ಉಲ್ಟಾ ಹಾಕಿದಾನೆ ಪುಣ್ಯಾತ್ಮ. ಗುಂಡು ಮೂಗು ತಗ್ಗಿಸದೆ ಇನ್ನೇನು ಮಾಡುತ್ತೆ ಪಾಪ? ಇಂಥವನ ಕೈಗೆ ಸ್ಕ್ರೂಡ್ರೈವರ್ ಕೊಟ್ಟೋರು ಯಾರು?"

"ಎಂಥವನೋ," ಎಂದಳು ಅವಳು.

"ಅವನ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?"

ಲೋಟವನ್ನು ಮೇಜಿನ ಮೂಲೆಗಿಟ್ಟಳು. "ಹೆಂಡತಿ ಇದಾಳೆ."

"ಮತ್ತೆ? ಬಾಯಿಗೆ ಬೀಗ ಹಾಕ್ಕೊಂಡಿದಾಳಾ? ಹೇಳಬೇಕಪ್ಪ. ಸಾಕು ಬಿಡು, ನಿನ್ನ ಕೈಲಿ ಆಗಲ್ಲ ಅನ್ನಬೇಕು. ಬಂದೂಕು ಅಂದ್ರೆ ಹುಡುಗಾಟಾನಾ?"

"ಅವಳಿಗೆ ಹೇಳೋಕೆ ಬಾಯಿ ಬರ್ತಿಲ್ಲ, ರೀ."

"ಹಾಗಾದ್ರೆ ಅವಳೂ ಅವನಷ್ಟೇ ದಡ್ಡಿ," ಎಂದು ಮೇಸ್ತ್ರಿ ತಲೆ ತಗ್ಗಿಸಿದರು. ಮಾತಾಡುತ್ತಿದ್ದಂತೆಯೇ ಅವರ ಬೆರಳುಗಳು ಸ್ಪ್ರಿಂಗನ್ನು ಒಮ್ಮೆ ಹೊರಳಿಸಿ, ಇನ್ನೊಮ್ಮೆ ಹೊರಳಿಸಿ, ಮ್ಯಾಗಜಿನ್ನಿನೊಳಗೆ ಇಳಿಸಿದವು. ಅವಳು ನೋಡುತ್ತಲೇ ಇದ್ದಳು. ಉಲ್ಟಾ.

ರೈಫಲ್ಲನ್ನು ಜೋಡಿಸಿ, ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಮದ್ದಿಲ್ಲದ ಗುಂಡುಗಳನ್ನು ತುಂಬಿ, ಬೋಲ್ಟನ್ನು ಹಿಂದಕ್ಕೆಳೆದು ಬಿಟ್ಟರು. ಗುಂಡು ನಳಿಗೆಯ ಬಾಯಿಗೆ ಮೂಗು ಗುದ್ದಿಕೊಂಡು ನಿಂತಿತು. ಮೇಸ್ತ್ರಿ ಅದನ್ನೇ ನೋಡುತ್ತ ಕೂತರು. ಅವರ ಮುಖದಲ್ಲಿ ಒಂದು ಗಳಿಗೆ ಏನೋ ಹೊಳೆದಂತೆ, ಹೊಳೆದದ್ದಕ್ಕೆ ಅವರೇ ಹೆದರಿದಂತೆ ಅವಳಿಗೆ ಕಂಡಿತು. ಮರುಗಳಿಗೆಗೆ ಅದೂ ಹೋಯಿತು. ಅವರು ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡರು.

"ಕೊಡಿ ಇಲ್ಲಿ," ಎಂದಳು ಅವಳು.

ಅವರು ಯಾಕೆಂದು ಕೇಳದೆ ಕೊಟ್ಟರು. ಇಕ್ಕಳ ಕೇಳಿದಳು, ಕೊಟ್ಟರು. ಸಣ್ಣ ಸುತ್ತಿಗೆ, ಅರ, ಪಿನ್ನು ತಳ್ಳುವ ಕಡ್ಡಿ, ಒಂದೊಂದನ್ನೂ ಹಿಡಿ ಅವಳ ಕಡೆಗಿರುವಂತೆ ತಿರುಗಿಸಿ ಕೊಟ್ಟರು. ಅವಳು ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದಳು. ಹೊರಗೆ ಕೋಚ್ ಚಪ್ಪಲಿ ಬಿಡುವ ಸದ್ದಾಯಿತು.

"ಒರೆಸೋದಾದ್ರೆ ಬೇಗ ಒರೆಸು ಮಾರಾಯ್ತಿ," ಎಂದರು ಮೇಸ್ತ್ರಿ. "ಎಣ್ಣೆ ಜಾಸ್ತಿ ಬೇಡ."

ಅಷ್ಟು ಹೇಳಿ, ಅವಳು ವಾಪಸು ಕೊಡಲೆಂದು ಮೇಜಿನ ಮೇಲೆ ಅಂಗೈ ಬಿಚ್ಚಿಟ್ಟುಕೊಂಡು ಕಾಯುತ್ತ ಕೂತರು.