ಮತ್ತೆ ಮೊದಲ ಹಾಳೆ

ನಾನು ಕೆಲಸಕ್ಕಿರುವ ಗಲ್ಫ್ ನಗರದ ಖಾಲಿದಿಯಾ ಬಡಾವಣೆಯ ಸಭಾಂಗಣಕ್ಕೆ ಪಿಯಾನೊ ನುಡಿಸಲು ಬಂದಿದ್ದ ಒಕ್ಸಾನಾಳದು ಯುದ್ಧ ನಡೆಯುತ್ತಿರುವ ಉಕ್ರೇನ್. ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ನನ್ನನ್ನು ಸ್ವರಲಿಪಿಯ ಹಾಳೆ ತಿರುಗಿಸಲೆಂದು ಅವಳ ಪಕ್ಕ ಕೂರಿಸಿದ್ದರು. ಅವಳು ಗೋಣಾಡಿಸಿದಾಗ ನಾನು ತಿರುಗಿಸಬೇಕು, ಅಷ್ಟೇ ಕೆಲಸ.

ಅವಳು ಹಾಳೆಗಳ ಬದಿಗೇ ಮೊಬೈಲ್ ಇಟ್ಟದ್ದು ಕಂಡು ನನಗೆ ಸಿಟ್ಟು ಬಂತು. ಸಭೆಗೆಲ್ಲ ಆಫ್ ಮಾಡಲು ಹೇಳಿ, ಇವಳಿಗೆ ಮಾತ್ರ ಬೇರೆ ನಿಯಮವೇ? ನನ್ನ ಮುಖ ನೋಡಿ ಅವಳೇ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು:

"ನನ್ನ ಅಮ್ಮನ ಊರಿನಲ್ಲಿ ಸೈರನ್ ಕೂಗಿದರೆ ಇದು ಕೆಂಪಾಗುತ್ತದೆ. ಅಪಾಯ ಕಳೆದರೆ ಹಸಿರು."

ಕೊನೆಯ ಕೃತಿಯ ನಡುವೆ ಮೊಬೈಲ್ ಕೆಂಪಾಯಿತು. ಅವಳ ಬೆರಳುಗಳು ನಿಲ್ಲಲಿಲ್ಲ. ಕೊನೆಯ ಹಾಳೆ ಮುಗಿಯುತ್ತ ಬಂದರೂ ಕೆಂಪು ಹೋಗಲಿಲ್ಲ. ಅವಳು ಮತ್ತೆ ಗೋಣಾಡಿಸಿದಳು. ತಿರುಗಿಸಲು ಹಾಳೆಯೇ ಉಳಿದಿರಲಿಲ್ಲ. ನಾನು ಎಲ್ಲವನ್ನೂ ಹಿಂದಕ್ಕೆ ಮಗುಚಿ ಮೊದಲ ಹಾಳೆ ತೆರೆದಿಟ್ಟೆ. ಅವಳು ಮೊದಲಿನಿಂದ ನುಡಿಸಿದಳು.

ಹಸಿರಾದ ಮೇಲೆಯೇ ಅವಳು ಪಿಯಾನೊದಿಂದ ಕೈ ಎತ್ತಿದ್ದು.

ಹೊರಗೆ ಬಂದಾಗ, ನನ್ನ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ರಾಜೀವಿ ನಗಾಡಿದಳು.

"ಎಂತ ಮಾರಾಯ್ತಿ, ಅದನ್ನೇ ಎರಡು ಸಲ ಬಾರಿಸಿದಳಲ್ಲ! ನೀನು ಪೇಜ್ ತಪ್ಪಿ ತಿರುಗಿಸಿದ್ದಾ?"

"ಹೌದು ಮಾರಾಯ್ತಿ," ಎಂದೆ. "ತಪ್ಪು ನಂದೇ."